ಪರದೆಯ ಮೇಲಿನ ಮಹಿಳೆ: ಇರಾನಿನ ಕಲೆ ನಮಗೆ ಕಲಿಸುವುದೇನು?

(ಸಂಘದ ವಾರ್ಷಿಕ ಸಮಾವೇಶದ ಮಹಿಳಾ ಹಾಗೂ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಅಂದು ಸಭೆಯಲ್ಲಿ ಕೇಳಿದವರಿಗೂ, ಇಂದು ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದು ಓದುತ್ತಿರುವ ನಿಮಗೂ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಕಲಾ ವಿಮರ್ಶಕಿಯಲ್ಲ. ಬಿ.ಇಡಿ. ಮುಗಿಸಿ ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ಸಾಮಾನ್ಯ ಶಿಕ್ಷಕಿ. ಇರಾನಿಗೆ ಹೋದವಳಲ್ಲ, ಅಮೆರಿಕೆಯ ಮ್ಯೂಸಿಯಂಗಳನ್ನು ಕಂಡವಳೂ ಅಲ್ಲ. ರಜೆಯ ದಿನಗಳಲ್ಲಿ ಕಂಪ್ಯೂಟರಿನಲ್ಲಿ ನೋಡಿದ ಕೆಲವು ಚಲನಚಿತ್ರಗಳು, ಪುಸ್ತಕಗಳಲ್ಲಿ ಕಂಡ ಕೆಲವು ಚಿತ್ರಗಳು, ಇಷ್ಟೇ ನನ್ನ ಬಂಡವಾಳ. ಆದರೂ ಈ ವಿಷಯವನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಅದನ್ನು ಮುಂದೆ ಹೇಳುತ್ತೇನೆ.

ಭಾಷಾ ಶಿಕ್ಷಕಿಯಾದ್ದರಿಂದ ಒಂದು ಪದದಿಂದ ಆರಂಭಿಸುತ್ತೇನೆ. 'ಪರದೆ' ಎಂಬ ಪದ ನಮಗೆ ಫಾರ್ಸಿಯಿಂದ ಬಂದದ್ದು. ಉರ್ದುವಿನಲ್ಲಿ ಪರ್ದಾ, ಕನ್ನಡದಲ್ಲಿ ಪರದೆ. ಬಾಗಿಲಿಗೆ ಇಳಿಬಿಡುವ ಬಟ್ಟೆ ಪರದೆ, ಹೆಂಗಸರ ಮರೆ ಪರದೆ, ಸಿನಿಮಾ ಬೀಳುವ ಬಿಳಿ ಬಟ್ಟೆಯೂ ಪರದೆ. ಇರಾನಿನಲ್ಲಿ ಚಿತ್ರ ಬರೆದ ದೊಡ್ಡ ಬಟ್ಟೆಗೂ ಪರ್ದೆ ಎನ್ನುತ್ತಾರೆ. ಅದನ್ನು ಬೀದಿಯಲ್ಲಿ ಕಟ್ಟಿ, ಕೋಲಿನಿಂದ ತೋರಿಸುತ್ತಾ ಕರ್ಬಲಾದ ಕಥೆ ಹೇಳುವ ಪರ್ದೆಖಾನಿ ಎಂಬ ಹಳೆಯ ಸಂಪ್ರದಾಯವಿದೆ. ನೋಡಿ, ಮರೆಮಾಡುವ ವಸ್ತುವಿಗೂ ತೋರಿಸುವ ವಸ್ತುವಿಗೂ ಒಂದೇ ಹೆಸರು! ಕಳೆದ ಕೆಲವು ದಶಕಗಳಲ್ಲಿ ಇರಾನಿನ ಮಹಿಳೆಯರು ಈ ಎರಡೂ ಅರ್ಥಗಳ ನಡುವೆ ನಿಂತು ಕೆಲಸ ಮಾಡಿದ್ದಾರೆ. ಅದೇ ನನ್ನ ಇಂದಿನ ವಿಷಯ.

ಬೊಂಬಾಯಿಯಲ್ಲಿ ಹುಟ್ಟಿದ ಮೊದಲ ದನಿ

ಇರಾನಿನ ಸಿನಿಮಾಕ್ಕೂ ನಮ್ಮ ದೇಶಕ್ಕೂ ಇರುವ ನಂಟು ನಮ್ಮಲ್ಲಿ ಅನೇಕರಿಗೆ ತಿಳಿಯದು. ಭಾರತದ ಮೊದಲ ವಾಕ್ಚಿತ್ರ 'ಆಲಂ ಆರಾ'ವನ್ನು 1931ರಲ್ಲಿ ತೆಗೆದ ಅರ್ದೇಶಿರ್ ಇರಾನಿಯವರೇ, ತಮ್ಮ ಬೊಂಬಾಯಿಯ ಇಂಪೀರಿಯಲ್ ಫಿಲ್ಮ್ ಕಂಪೆನಿಯಲ್ಲಿ ಅಬ್ದುಲ್ ಹುಸೇನ್ ಸಿಪಂತಾ ಅವರೊಡನೆ ಸೇರಿ ಮೊದಲ ಫಾರ್ಸಿ ವಾಕ್ಚಿತ್ರವನ್ನೂ ತಯಾರಿಸಿದರು. 1933ರಲ್ಲಿ ತೆರೆಕಂಡ ಅದರ ಹೆಸರು 'ದುಖ್ತರೆ ಲೂರ್', ಅಂದರೆ ಲೂರ್ ಜನಾಂಗದ ಹುಡುಗಿ. ನಾಯಕಿಯಾಗಿ ನಟಿಸಿದವರು ರೂಹಂಗೀಜ್ ಸಾಮಿನೆಜಾದ್. ಕೆರ್ಮಾನ್ ಕಡೆಯ ಹೆಣ್ಣುಮಗಳು. ಆಕೆಯ ಪತಿ ಆ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದರು. ಚಿತ್ರ ಟೆಹರಾನಿನಲ್ಲಿ ಬಹಳ ಜನಪ್ರಿಯವಾಯಿತು. ಆದರೆ ತೆರೆಯ ಮೇಲೆ ಮಾತಾಡಿದ ಆ ಮೊದಲ ಇರಾನಿ ಮಹಿಳೆಗೆ ಸಿಕ್ಕಿದ್ದು ಬೈಗುಳ ಮತ್ತು ಅವಮಾನ. ಮುಂದೆ ಸಿನಿಮಾ ಬಿಟ್ಟು ಬಹುಮಟ್ಟಿಗೆ ಅಜ್ಞಾತವಾಗಿ ಬಾಳಿದರು. ಜನ ಚಿತ್ರವನ್ನು ಮೆಚ್ಚಿದರು, ಅದರಲ್ಲಿದ್ದ ಹೆಣ್ಣನ್ನು ಕ್ಷಮಿಸಲಿಲ್ಲ. ಈ ಮಾತನ್ನು ನೆನಪಿನಲ್ಲಿಡಿ.

'ರಾವಿಯಾ' ಎಂದರೆ ಯಾರು?

ಈಗ ಮ್ಯೂಸಿಯಂಗಳ ವಿಷಯಕ್ಕೆ ಬರೋಣ. ಮ್ಯೂಸಿಯಂ ಎಂದರೆ ನಮ್ಮ ಮಕ್ಕಳಿಗೆ ಹಳೆಯ ಕತ್ತಿ, ನಾಣ್ಯ, ಒಡೆದ ವಿಗ್ರಹ. ಆದರೆ ಹಲವು ದೇಶಗಳಲ್ಲಿ ಮ್ಯೂಸಿಯಂ ಒಂದು ಬಗೆಯ ತೆರೆದ ಶಾಲೆಯಂತೆ ಕೆಲಸ ಮಾಡುತ್ತದೆ. ಹಗಲು ಗೋಡೆಯ ಮೇಲೆ ಚಿತ್ರಗಳ ಪ್ರದರ್ಶನ, ಸಂಜೆ ಸಭಾಂಗಣದಲ್ಲಿ ಚಲನಚಿತ್ರ, ಆಮೇಲೆ ಒಬ್ಬ ತಿಳಿದವರ ಉಪನ್ಯಾಸ, ಕೊನೆಗೆ ಸಭಿಕರ ಪ್ರಶ್ನೆಗಳು. ವಾಷಿಂಗ್ಟನ್ನಿನ ಫ್ರೀಯರ್ ಗ್ಯಾಲರಿ, ಬಾಸ್ಟನ್ನಿನ ಲಲಿತಕಲಾ ಮ್ಯೂಸಿಯಂ ಮುಂತಾದ ಕಡೆ ಇರಾನಿನ ಚಿತ್ರಗಳ ಉತ್ಸವಗಳು ಹಲವು ವರ್ಷ ಹೀಗೆ ನಡೆದಿವೆ. 2023ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ 1979ರ ಕ್ರಾಂತಿಗೆ ಮುಂಚಿನ ಇರಾನಿ ಸಿನಿಮಾಗಳ ದೊಡ್ಡ ಸರಣಿಯನ್ನೇ ತೋರಿಸಿತು.

ಬಾಸ್ಟನ್ ಮ್ಯೂಸಿಯಂ 2013ರಲ್ಲಿ ಇರಾನ್ ಮತ್ತು ಅರಬ್ ನಾಡುಗಳ 12 ಮಂದಿ ಮಹಿಳಾ ಛಾಯಾಗ್ರಾಹಕರ ಪ್ರದರ್ಶನ ಏರ್ಪಡಿಸಿತು. ಅದರ ಹೆಸರಿನ ಅರ್ಥ 'ಕಥೆ ಹೇಳುವವಳು'. ಈ ಹೆಸರಿನ ಹಿಂದಿದ್ದ ಅರಬಿ ಪದ 'ರಾವಿಯಾ'. ಮದರಸಾ ಓದಿದ ಮಕ್ಕಳೇ, ಈ ಪದ ಕೇಳಿದೊಡನೆ ನಿಮ್ಮ ಕಿವಿ ನಿಮಿರಬೇಕು. ಹದೀಸ್ ವರದಿ ಮಾಡುವವರು ರಾವಿ. ಸ್ತ್ರೀಯಾದರೆ ರಾವಿಯಾ. ಎರಡು ಸಾವಿರಕ್ಕೂ ಮಿಗಿಲಾದ ಹದೀಸ್‌ಗಳನ್ನು ನಮಗೆ ತಲುಪಿಸಿದ ಹಜ್ರತ್ ಆಯಿಶಾ (ರ.ಅ.) ಅವರಿಗಿಂತ ದೊಡ್ಡ ರಾವಿಯಾ ಯಾರಿದ್ದಾರೆ? ಒಬ್ಬ ಹೆಣ್ಣುಮಗಳು ಕಂಡದ್ದು, ಕೇಳಿದ್ದು, ನೆನಪಿನಲ್ಲಿಟ್ಟುಕೊಂಡದ್ದು ಸಾಕ್ಷಿಯಾಗುತ್ತದೆ ಎಂಬುದು ನಮಗೆ ಹೊಸ ಪಾಠವಲ್ಲ. ನಾವು ಮರೆತ ಪಾಠ.

ಮುಖದ ಜಾಗದಲ್ಲಿ ಇಸ್ತ್ರಿ ಪೆಟ್ಟಿಗೆ

ಆ ಹನ್ನೆರಡು ಮಂದಿಯಲ್ಲಿ ಟೆಹರಾನಿನ ಶಾದಿ ಗದೀರಿಯಾನ್ ಒಬ್ಬರು. 1974ರಲ್ಲಿ ಹುಟ್ಟಿದವರು. ಅವರ ಮೊದಲ ಹೆಸರಾಂತ ಸರಣಿ 'ಕಾಜಾರ್', 1998ರಲ್ಲಿ ಆರಂಭವಾದದ್ದು. ಕಾಜಾರ್ ದೊರೆಗಳ ಕಾಲದ, ಅಂದರೆ 19ನೇ ಶತಮಾನದ ಉಡುಪು ತೊಡಿಸಿ, ಬಣ್ಣದ ಹಿನ್ನೆಲೆ ಪರದೆಯ ಮುಂದೆ ಹೆಣ್ಣುಮಕ್ಕಳನ್ನು ನಿಲ್ಲಿಸಿ, ಹಳೆಯ ಫೋಟೋದಂತೆಯೇ ತೆಗೆದ ಚಿತ್ರಗಳು. ಆದರೆ ಒಬ್ಬಳ ಕೈಯಲ್ಲಿ ಪೆಪ್ಸಿ ಡಬ್ಬಿ, ಇನ್ನೊಬ್ಬಳ ಪಕ್ಕದಲ್ಲಿ ಟೇಪ್ ರೆಕಾರ್ಡರ್, ಮತ್ತೊಬ್ಬಳ ಜೊತೆ ಸೈಕಲ್. ನಗು ಬರುತ್ತದೆ. ನಗು ಮುಗಿದ ಮೇಲೆ ಪ್ರಶ್ನೆ ಏಳುತ್ತದೆ: ಈ ಹುಡುಗಿ ಯಾವ ಕಾಲದವಳು? ಅಜ್ಜಿಯ ಕಾಲದವಳೋ, ಇಂದಿನವಳೋ?

ಅವರ ಇನ್ನೊಂದು ಸರಣಿ 2000–01ರದು. ಹೂವಿನ ಚಾದರ್ ಹೊದ್ದ ಹೆಂಗಸರು. ಆದರೆ ಮುಖವಿರಬೇಕಾದ ಜಾಗದಲ್ಲಿ ಒಬ್ಬಳಿಗೆ ಇಸ್ತ್ರಿ ಪೆಟ್ಟಿಗೆ, ಒಬ್ಬಳಿಗೆ ಪೊರಕೆ, ಒಬ್ಬಳಿಗೆ ಚಹಾದ ಲೋಟ, ಒಬ್ಬಳಿಗೆ ರಬ್ಬರ್ ಕೈಗವಸು. ಅಷ್ಟೇ. ಬೇರೆ ವಿವರಣೆ ಇಲ್ಲ.

ಇಲ್ಲಿ ನನ್ನ ಸ್ವಂತ ಅನುಭವ ಹೇಳಬೇಕು. ಕೆಲವು ವರ್ಷಗಳ ಹಿಂದೆ, ಊರು ಶಾಲೆಯ ಹೆಸರು ಬೇಡ, ಹತ್ತನೇ ತರಗತಿಯ ಹುಡುಗಿಯರಿಗೆ ಈ ಸರಣಿಯ ಒಂದು ಚಿತ್ರದ ಪ್ರಿಂಟ್ ತೋರಿಸಿದೆ. 'ಇದರ ಮೇಲೆ ಹತ್ತು ವಾಕ್ಯ ಬರೆಯಿರಿ' ಎಂದೆ. ಹುಡುಗಿಯರು ಮೊದಲು ಕಿಸಕ್ಕನೆ ನಕ್ಕರು. ಹಿಂದಿನ ಬೆಂಚಿನ ಒಬ್ಬಳು ಮಾತ್ರ ನಗಲಿಲ್ಲ. 'ಟೀಚರ್, ಇದು ನಮ್ಮ ಅಮ್ಮಿ' ಎಂದಳು. ಮರುವಾರ ಒಂದು ಡ್ರಾಯಿಂಗ್ ಹಾಳೆ ತಂದಳು. ಪೆನ್ಸಿಲಿನಲ್ಲಿ ಬಿಡಿಸಿದ ಬುರ್ಖಾ ತೊಟ್ಟ ಹೆಂಗಸು, ಮುಖದ ಜಾಗದಲ್ಲಿ ರೊಟ್ಟಿಯ ತವಾ. ಪಕ್ಕದಲ್ಲಿ ಇನ್ನೊಂದು ಸಣ್ಣ ಆಕೃತಿ, ಅದಕ್ಕೂ ಬುರ್ಖಾ, ಆದರೆ ಮುಖದ ಜಾಗ ಖಾಲಿ. 'ಇದು ಯಾರು?' ಎಂದು ಕೇಳಿದೆ. 'ನಾನು. ಇನ್ನೂ ಏನು ಬರುತ್ತದೆಂದು ಗೊತ್ತಿಲ್ಲ' ಎಂದಳು.

ನಾನು ಆ ಚಿತ್ರವನ್ನು ಗೋಡೆ ಪತ್ರಿಕೆಗೆ ಹಚ್ಚಿದೆ. ಎರಡನೇ ದಿನ ಅದು ಅಲ್ಲಿರಲಿಲ್ಲ. ಹಿರಿಯರೊಬ್ಬರು ತೆಗೆಸಿದ್ದರು. ನನ್ನನ್ನು ಕರೆದು ಸಿಟ್ಟಾಗದೆಯೇ ಹೇಳಿದರು: 'ನೋಡಮ್ಮ, ಹೊರಗಿನವರು ನಮ್ಮ ಕಡೆ ಬೆರಳು ತೋರಿಸಲು ಕಾಯುತ್ತಿದ್ದಾರೆ. ನಾವೇ ಅವರ ಕೈಗೆ ಕಲ್ಲು ಕೊಡಬೇಕೇ?' ನಾನು 'ಸರಿ ಸಾಹೇಬರೇ' ಎಂದು ತಲೆಯಾಡಿಸಿ ಬಂದೆ. ಆ ಹುಡುಗಿಗೆ ಏನೂ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಎಸ್.ಎಸ್.ಎಲ್.ಸಿ.ಯಲ್ಲಿ ಪ್ರಥಮ ದರ್ಜೆಯಲ್ಲಿ ಪಾಸಾದಳು. ಕಾಲೇಜಿಗೆ ಸೇರಲಿಲ್ಲ. ನಾನು ಅವರ ಮನೆಗೆ ಹೋಗುವ ಹೊತ್ತಿಗೆ ನಿಶ್ಚಿತಾರ್ಥ ಆಗಿತ್ತು. ಚಿತ್ರ ತೆಗೆಸಿದ್ದರಿಂದ ಅವಳ ಓದು ನಿಂತಿತೆಂದು ನಾನು ಹೇಳುವುದಿಲ್ಲ. ಆದರೆ ಅವಳು ಒಂದು ಮಾತು ಹೇಳಿದ್ದಳು, ನಾವು ಅದನ್ನು ಗೋಡೆಯಿಂದ ಇಳಿಸಿದೆವು. ನಾನು ಸುಮ್ಮನಿದ್ದೆ. ಈ ವಿಷಯವನ್ನೇ ಇಂದು ಆರಿಸಿಕೊಂಡದ್ದು ಆ ಮೌನಕ್ಕಾಗಿ.

ಕೆಲವು ಚಲನಚಿತ್ರಗಳು

ಆ ಹಿರಿಯರ ಪ್ರಶ್ನೆ ಸುಳ್ಳಲ್ಲ. ಅದಕ್ಕೆ ಉತ್ತರ ಕೊಡಬೇಕು. ಅದಕ್ಕೆ ಮೊದಲು ನಾಲ್ಕು ಚಿತ್ರಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು 'ಖಾನೆ ಸಿಯಾಹ್ ಅಸ್ತ್', ಅಂದರೆ ಮನೆ ಕಪ್ಪಾಗಿದೆ. ಕವಯಿತ್ರಿ ಫುರೂಗ್ ಫರ್ರುಖ್‌ಜಾದ್ 1962ರಲ್ಲಿ ತಬ್ರೀಜ್ ಬಳಿಯ ಕುಷ್ಠರೋಗಿಗಳ ಆಶ್ರಮದಲ್ಲಿ ತೆಗೆದ ಸುಮಾರು 20 ನಿಮಿಷದ ಸಾಕ್ಷ್ಯಚಿತ್ರ. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಆರಂಭದಲ್ಲೇ ರೋಗದಿಂದ ಮುಖ ಕೆಟ್ಟ ಹೆಂಗಸೊಬ್ಬಳು ಕನ್ನಡಿ ನೋಡಿಕೊಳ್ಳುತ್ತಾಳೆ. ಕ್ಯಾಮೆರಾ ಮುಖ ತಿರುಗಿಸುವುದಿಲ್ಲ. ಕುಷ್ಠಕ್ಕೆ ಚಿಕಿತ್ಸೆ ಇದೆ ಎಂದು ಚಿತ್ರ ಸ್ಪಷ್ಟವಾಗಿ ಹೇಳುತ್ತದೆ. ಅಲ್ಲಿನ ಶಾಲೆ, ನಮಾಜು, ಮದುವೆಯ ಹಾಡು, ಮಕ್ಕಳ ಆಟ ಎಲ್ಲವನ್ನೂ ತೋರಿಸುತ್ತದೆ. ತರಗತಿಯಲ್ಲಿ ಶಿಕ್ಷಕರು 'ಮನೆ' ಎಂಬ ಪದ ಬಳಸಿ ವಾಕ್ಯ ಬರೆಯಲು ಹೇಳಿದಾಗ ವಿದ್ಯಾರ್ಥಿ ಕಪ್ಪು ಹಲಗೆಯ ಮೇಲೆ ಬರೆದ ವಾಕ್ಯವೇ ಚಿತ್ರದ ಹೆಸರು. ಶಿಕ್ಷಕಿಯಾಗಿ ಆ ದೃಶ್ಯವನ್ನು ನಾನು ಮರೆಯಲಾರೆ. 1963ರಲ್ಲಿ ಜರ್ಮನಿಯ ಓಬರ್‌ಹೌಸನ್ ಉತ್ಸವದಲ್ಲಿ ಇದಕ್ಕೆ ಪ್ರಶಸ್ತಿ ಬಂತು. ಫುರೂಗ್ ಆ ಆಶ್ರಮದ ಒಬ್ಬ ಹುಡುಗನನ್ನು ದತ್ತು ತೆಗೆದುಕೊಂಡರು. 1967ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು.

ಎರಡನೆಯದು 'ಸೇಬು', 1998ರದು. ನಿರ್ದೇಶಕಿ ಸಮೀರಾ ಮಖ್ಮಲ್‌ಬಾಫ್. ಚಿತ್ರ ತೆಗೆದಾಗ ಆಕೆಗೆ 17 ವರ್ಷ, ನಮ್ಮ ದ್ವಿತೀಯ ಪಿಯುಸಿ ಹುಡುಗಿಯ ವಯಸ್ಸು! ಟೆಹರಾನಿನ ಬಡ ಬಡಾವಣೆಯೊಂದರಲ್ಲಿ ಹುಟ್ಟಿದಾಗಿನಿಂದ ಮನೆಯೊಳಗೇ ಬೀಗ ಹಾಕಿಸಿಕೊಂಡು ಬೆಳೆದ ಅವಳಿ ಸಹೋದರಿಯರ ನಿಜಸಂಗತಿ. ನೆರೆಯವರು ಅರ್ಜಿ ಬರೆದ ಮೇಲೆ ಸುದ್ದಿ ಹೊರಬಿತ್ತು. ಆ ಕುಟುಂಬದವರೇ ಚಿತ್ರದಲ್ಲಿ ನಟಿಸಿದ್ದಾರೆ. ತಂದೆ ರಾಕ್ಷಸನಲ್ಲ. ಬಡವ, ವೃದ್ಧ, ಹೆಂಡತಿ ಕುರುಡಿ. ಹೆಣ್ಣುಮಕ್ಕಳು ಹೂವಿದ್ದಂತೆ, ಬಿಸಿಲು ತಾಗಿದರೆ ಬಾಡುತ್ತಾರೆ ಎಂದು ಆತ ಮನಸಾರೆ ನಂಬಿದ್ದಾನೆ. ಸಮಾಜ ಕಲ್ಯಾಣ ಇಲಾಖೆಯ ಅಧಿಕಾರಿಣಿ ಬಂದು ಮಕ್ಕಳನ್ನು ಹೊರಗೆ ಆಡಲು ಬಿಟ್ಟು, ತಂದೆಯನ್ನು ಒಳಗಿಟ್ಟು ಬೀಗ ಹಾಕಿ, ಕೈಗೊಂದು ಗರಗಸ ಕೊಟ್ಟು ಕಂಬಿ ಕೊಯ್ಯಲು ಹೇಳುತ್ತಾಳೆ. ಬೀಗದ ಅರ್ಥ ಬೀಗದೊಳಗಿದ್ದವರಿಗೆ ಮಾತ್ರ ತಿಳಿಯುತ್ತದೆ. ಆ ತಂದೆಯನ್ನು ನೋಡಿದಾಗ ನನಗೆ ಕೋಪಕ್ಕಿಂತ ಹೆಚ್ಚಾಗಿ ಪರಿಚಯದ ಭಾವನೆ ಬಂತು. ಪ್ರೀತಿಯಿಂದಲೇ ಹೆಣ್ಣುಮಕ್ಕಳ ಓದು ಬಿಡಿಸಿದ ಎಷ್ಟು ತಂದೆಯರನ್ನು ನಾನು ಕಂಡಿದ್ದೇನೆ!

ಮೂರನೆಯದು ಮರ್ಜಿಯೆ ಮೆಶ್ಕಿನಿ ಅವರ 'ನಾನು ಹೆಣ್ಣಾದ ದಿನ', 2000ದ್ದು. ಕೀಶ್ ದ್ವೀಪದಲ್ಲಿ ನಡೆಯುವ ಮೂರು ಕಥೆಗಳು. ಮೊದಲ ಕಥೆಯ ಹವ್ವಾಗೆ ಅಂದು ಒಂಬತ್ತು ತುಂಬುತ್ತದೆ. ಇನ್ನು ಹುಡುಗರ ಜೊತೆ ಆಡುವಂತಿಲ್ಲ. ಅವಳು ಹುಟ್ಟಿದ್ದು ಮಧ್ಯಾಹ್ನ, ಆದ್ದರಿಂದ ಮಧ್ಯಾಹ್ನದವರೆಗೆ ಬಿಡುವು ಕೇಳುತ್ತಾಳೆ. ಕೈಯಲ್ಲೊಂದು ಕಡ್ಡಿ. ಮರಳಿನಲ್ಲಿ ನೆಟ್ಟರೆ ಅದರ ನೆರಳು ಮಾಯವಾದೊಡನೆ ಬಾಲ್ಯ ಮುಗಿಯಿತು. ಎರಡನೆಯ ಕಥೆಯ ಆಹೂ ಚಾದರ್ ತೊಟ್ಟೇ ಸಮುದ್ರತೀರದಲ್ಲಿ ಸೈಕಲ್ ಪಂದ್ಯದಲ್ಲಿದ್ದಾಳೆ. ಪತಿ ಕುದುರೆಯ ಮೇಲೆ ಬೆನ್ನಟ್ಟಿ ಬರುತ್ತಾನೆ, ಬಳಿಕ ತಲಾಖ್ ಹೇಳಿಸಲು ಮುಲ್ಲಾನನ್ನು ಕರೆತರುತ್ತಾನೆ, ನಂತರ ತಂದೆ, ಕೊನೆಗೆ ಅಣ್ಣತಮ್ಮಂದಿರು. ಅವರು ಬಂದು ಅಡ್ಡಗಟ್ಟುವವರೆಗೂ ಅವಳು ಪೆಡಲ್ ತುಳಿಯುವುದನ್ನು ನಿಲ್ಲಿಸುವುದಿಲ್ಲ. ಮೂರನೆಯ ಕಥೆಯ ಮುದುಕಿ ಹೂರಾ, ಕೈಗೆ ಹಣ ಬಂದಾಗ ಜೀವನವಿಡೀ ಕೊಳ್ಳಲಾಗದ್ದನ್ನೆಲ್ಲ ಕೊಳ್ಳುತ್ತಾಳೆ. ನೆನಪಿಗೆಂದು ಬೆರಳುಗಳಿಗೆ ದಾರ ಕಟ್ಟಿಕೊಂಡಿದ್ದಾಳೆ. ಎಲ್ಲ ಕೊಂಡಾದ ಮೇಲೂ ಒಂದು ದಾರ ಉಳಿಯುತ್ತದೆ. ಅದು ಯಾವುದಕ್ಕೆಂದು ನೆನಪಾಗುವುದಿಲ್ಲ. ತಾಯಂದಿರೇ, ನಿಮ್ಮ ಬೆರಳಲ್ಲಿ ಅಂಥದ್ದೊಂದು ದಾರ ಇಲ್ಲವೇ?

ನಾಲ್ಕನೆಯದು ಜಾಫರ್ ಪನಾಹಿ ಅವರ 'ಆಫ್‌ಸೈಡ್', 2006ರದು. ಕ್ರಾಂತಿಯ ನಂತರ ಇರಾನಿನಲ್ಲಿ ಹೆಂಗಸರಿಗೆ ಫುಟ್‌ಬಾಲ್ ಕ್ರೀಡಾಂಗಣ ಪ್ರವೇಶ ಬಂದ್ ಆಗಿತ್ತು. 2005ರ ಇರಾನ್–ಬಹ್ರೇನ್ ಪಂದ್ಯ ನೋಡಲು ಗಂಡುವೇಷ ಹಾಕಿ ಬಂದು ಸಿಕ್ಕಿಬಿದ್ದ ಹುಡುಗಿಯರ ಕಥೆ. ಅವರನ್ನು ಕ್ರೀಡಾಂಗಣದ ಹಿಂಭಾಗದಲ್ಲಿ ಕಟಕಟೆ ಕಟ್ಟಿ ಕೂಡಿಹಾಕುತ್ತಾರೆ. ಕೂಗು ಕೇಳಿಸುತ್ತದೆ, ಆಟ ಕಾಣಿಸುವುದಿಲ್ಲ. ಕಾವಲಿನ ಹಳ್ಳಿಯ ಸೈನಿಕರೇ ಕೊನೆಗೆ ಅವರಿಗೆ ಆಟದ ವಿವರ ಹೇಳುತ್ತಾರೆ. ಚಿತ್ರಕ್ಕೆ ಬರ್ಲಿನ್‌ನಲ್ಲಿ ಬೆಳ್ಳಿ ಕರಡಿ ಪ್ರಶಸ್ತಿ ಬಂತು, ಸ್ವದೇಶದಲ್ಲಿ ಪ್ರದರ್ಶನಕ್ಕೆ ಅನುಮತಿ ಸಿಗಲಿಲ್ಲ. 2019ರ ಅಕ್ಟೋಬರ್ 10ರಂದು ಟೆಹರಾನಿನ ಆಜಾದಿ ಕ್ರೀಡಾಂಗಣದಲ್ಲಿ ಕಾಂಬೋಡಿಯಾ ವಿರುದ್ಧದ ಪಂದ್ಯಕ್ಕೆ ಸಾವಿರಾರು ಮಹಿಳೆಯರು ಟಿಕೆಟ್ ಕೊಂಡು ಬಂದು ಕುಳಿತರು. ಇರಾನ್ 14–0ರಿಂದ ಗೆದ್ದಿತು. ಚಿತ್ರ ತೆರೆಕಂಡು 13 ವರ್ಷಗಳಾಗಿದ್ದವು.

ತೊಡು ಎನ್ನುವ ಕೈ, ತೆಗೆ ಎನ್ನುವ ಕೈ

ಈಗ ಕಠಿಣ ವಿಷಯ. ಇರಾನಿನ ಮಹಿಳೆ ಎಂದೊಡನೆ ಎಲ್ಲರೂ ಕೇಳುವುದು ಹಿಜಾಬಿನ ಬಗ್ಗೆ. ಇತಿಹಾಸವನ್ನು ಪೂರ್ತಿ ಓದೋಣ. 1936ರ ಜನವರಿಯಲ್ಲಿ ರೆಜಾ ಷಾ ಸರ್ಕಾರ ಪರದೆಯನ್ನು ನಿಷೇಧಿಸಿತು. ಪೊಲೀಸರು ಬೀದಿಯಲ್ಲಿ ಹೆಂಗಸರ ಚಾದರ್ ಎಳೆದರು. ಫಲವೇನು? ಅನೇಕ ಹೆಂಗಸರು ಮನೆಯಿಂದ ಹೊರಬರುವುದನ್ನೇ ಬಿಟ್ಟರು, ಅನೇಕ ಕುಟುಂಬಗಳು ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಿದವು. 1979ರಲ್ಲಿ ಕ್ರಾಂತಿಯಾಯಿತು. ಈಗ ಆಜ್ಞೆ ತಿರುಗಾಮುರುಗಾ ಆಯಿತು. ಆ ವರ್ಷದ ಮಾರ್ಚ್ 8ರಂದು ಕಡ್ಡಾಯ ಹಿಜಾಬಿನ ವಿರುದ್ಧ ಸಾವಿರಾರು ಮಹಿಳೆಯರು ಟೆಹರಾನಿನ ಬೀದಿಗಿಳಿದರು. 1983ರಲ್ಲಿ ತಲೆ ಮುಚ್ಚದವರಿಗೆ ಶಿಕ್ಷೆ ಎಂಬ ಕಾನೂನು ಬಂತು. 2022ರ ಸೆಪ್ಟೆಂಬರ್‌ನಲ್ಲಿ 22 ವರ್ಷದ ಮಹ್ಸಾ ಅಮೀನಿ ಪೊಲೀಸರ ವಶದಲ್ಲಿದ್ದಾಗ ಮೃತಪಟ್ಟರು. ದೇಶವೇ ಹೊತ್ತಿ ಉರಿಯಿತು.

ಅದೇ 2022ರಲ್ಲಿ ನಮ್ಮ ಕರ್ನಾಟಕದಲ್ಲಿ ಏನಾಯಿತೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಫೆಬ್ರುವರಿ 5ರ ಸರ್ಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು. ಕಾಲೇಜಿನ ಗೇಟಿನ ಹೊರಗೆ ಪುಸ್ತಕ ಹಿಡಿದು ನಿಂತ ನಮ್ಮ ಹುಡುಗಿಯರು. ಅಲ್ಲಿ ತೊಡು ಎನ್ನುವ ಕೈ, ಇಲ್ಲಿ ತೆಗೆ ಎನ್ನುವ ಕೈ. ಎರಡೂ ಕಡೆ ಹುಡುಗಿಯನ್ನು ಕೇಳಿದವರು ಕಡಿಮೆ. ನಾನು ತಲೆ ಮುಚ್ಚುತ್ತೇನೆ, ಅದು ನನ್ನ ನಂಬಿಕೆ, ನನ್ನ ಆಯ್ಕೆ. ಆ ಆಯ್ಕೆಯ ಪರವಾಗಿ ಇಲ್ಲಿ ಮಾತಾಡುವ ನಾನು, ಅಲ್ಲಿನ ಹುಡುಗಿಯ ಆಯ್ಕೆಯ ಬಗ್ಗೆ ಬಾಯಿ ಮುಚ್ಚಿಕೊಂಡರೆ ನನ್ನ ಮಾತಿಗೆ ಬೆಲೆ ಎಲ್ಲಿಂದ ಬರಬೇಕು? ಹಾಗೆಯೇ, ಟೆಹರಾನಿನ ಹುಡುಗಿಯರ ಧೈರ್ಯ ಹೊಗಳಿದವರು ನಮ್ಮ ಗೇಟಿನ ಹೊರಗಿನ ಹುಡುಗಿಯರನ್ನು ಕಾಣದಿದ್ದರೆ ಅವರನ್ನೂ ನಾವು ಕೇಳಬೇಕು.

ಸ್ಕಾರ್ಫಿನಾಚೆಗೂ ಆ ಹೆಣ್ಣುಮಕ್ಕಳ ಬದುಕಿದೆ. 1907ರಲ್ಲಿ ಬೀಬಿ ಖಾನಂ ಅಸ್ತರಾಬಾದಿ ಎಂಬ ಮಹಿಳೆ ಟೆಹರಾನಿನ ತಮ್ಮ ಮನೆಯಲ್ಲೇ ಹೆಣ್ಣುಮಕ್ಕಳ ಶಾಲೆ ತೆರೆದರು. ವಿರೋಧ ಬಂದು ಮುಚ್ಚಬೇಕಾಯಿತು. ಮತ್ತೆ ತೆರೆದರು. 1976ರಲ್ಲಿ ಇರಾನಿನ ಮಹಿಳೆಯರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಓದು ಬಲ್ಲವರು. 2016ರ ಹೊತ್ತಿಗೆ ಶೇಕಡಾ 80ಕ್ಕೂ ಹೆಚ್ಚು. ಟೆಹರಾನಿನ ಶಾಲೆಯಲ್ಲಿ ಓದಿದ ಮರಿಯಂ ಮಿರ್ಜಾಖಾನಿ 2014ರಲ್ಲಿ ಗಣಿತದ ಫೀಲ್ಡ್ಸ್ ಪದಕ ಪಡೆದ ವಿಶ್ವದ ಮೊದಲ ಮಹಿಳೆಯಾದರು. ಕಾನೂನು ಬಿಗಿಯಾಗಿದ್ದ ಕಾಲದಲ್ಲೇ ಹುಡುಗಿಯರು ವಿಶ್ವವಿದ್ಯಾಲಯ ತುಂಬಿದರು. ಓದಿದವರೇ ಕ್ಯಾಮೆರಾ ಹಿಡಿದರು, ಓದಿದವರೇ ಪ್ರಶ್ನೆ ಕೇಳಿದರು.

ಕಲ್ಲು ಕೊಡುವುದೋ, ಕನ್ನಡಿ ಕೊಡುವುದೋ?

ಹಿರಿಯರ ಪ್ರಶ್ನೆಗೆ ಮರಳುತ್ತೇನೆ. ನಾವೇ ಅವರ ಕೈಗೆ ಕಲ್ಲು ಕೊಡಬೇಕೇ? ಈ ಆತಂಕ ಇರಾನಿನ ಕಲಾವಿದರ ಮುಂದೆಯೂ ಇದೆ. ಪರದೇಶದ ಮ್ಯೂಸಿಯಂಗೆ ಬರುವ ಪ್ರೇಕ್ಷಕ ಅನೇಕ ಸಲ ಮೊದಲೇ ತೀರ್ಮಾನ ಮಾಡಿಕೊಂಡು ಬರುತ್ತಾನೆ: ಪಾಪದ ಹೆಣ್ಣು, ಕಪ್ಪು ಬಟ್ಟೆ, ಕ್ರೂರ ಗಂಡಸು. ಅವನಿಗೆ ಬೇಕಾದದ್ದನ್ನಷ್ಟೇ ನೋಡಿ, ಮರುಕ ಪಟ್ಟು ಮನೆಗೆ ಹೋಗುತ್ತಾನೆ. ರಖ್ಶಾನ್ ಬನಿ ಎತೆಮಾದ್ ಅವರ 2001ರ ಚಿತ್ರ 'ನಗರದ ಚರ್ಮದಡಿಯಲ್ಲಿ' ಈ ಪ್ರಶ್ನೆಯನ್ನೇ ಎತ್ತುತ್ತದೆ. ಅದರ ನಾಯಕಿ ತೂಬಾ ಬಟ್ಟೆ ಗಿರಣಿಯ ಕೂಲಿಗಾರ್ತಿ. ಮನೆ ಮಾರಿ ಹೋಗುತ್ತದೆ, ಮಗ ಕೈತಪ್ಪುತ್ತಾನೆ. ಕೊನೆಯಲ್ಲಿ ಚಿತ್ರ ತೆಗೆಯಲು ಬಂದವರನ್ನೇ ತೂಬಾ ಕೇಳುತ್ತಾಳೆ, ಇದನ್ನೆಲ್ಲ ನೀವು ಯಾರಿಗೆ ತೋರಿಸುತ್ತೀರಿ ಎಂದು.

ಉತ್ತರ ಇಲ್ಲೇ ಇದೆ ಎಂದು ನನಗನಿಸುತ್ತದೆ. ಹೊರಗಿನವರಿಗೆ ತೋರಿಸಿದರೆ ಅದು ಕಲ್ಲಾಗಬಹುದು. ನಮಗೆ ನಾವೇ ತೋರಿಸಿಕೊಂಡರೆ ಅದು ಕನ್ನಡಿ. ಕಲ್ಲು ಎಸೆಯುವವರು ನಮ್ಮ ಗೋಡೆ ಪತ್ರಿಕೆಗಾಗಿ ಕಾಯುತ್ತಾ ಕೂರುವುದಿಲ್ಲ. ಆದರೆ ಕನ್ನಡಿ ಇಲ್ಲದ ಮನೆಯಲ್ಲಿ ಮಕ್ಕಳು ತಮ್ಮ ಮುಖ ಹೇಗಿದೆಯೆಂದು ಹೊರಗಿನವರನ್ನೇ ಕೇಳಬೇಕಾಗುತ್ತದೆ.

ಕನ್ನಡಿ ಎಂದಾಗ ಮುನೀರ್ ಫರ್ಮಾನ್‌ಫರ್ಮಾಯನ್ ನೆನಪಾಗುತ್ತಾರೆ. ಕಜ್ವೀನ್ ಊರಿನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಕಲೆ ಕಲಿತವರು. ಶಿರಾಜಿನ ಷಾ ಚಿರಾಗ್ ದರ್ಗಾದ ಒಳಗೋಡೆಗಳಲ್ಲಿ ಮಿನುಗುವ ಕನ್ನಡಿ ಚೂರುಗಳ ಕೆಲಸ ಕಂಡು ಬೆರಗಾದರು. ಯುರೋಪಿನಿಂದ ತರಿಸಿದ ದೊಡ್ಡ ಕನ್ನಡಿಗಳು ದಾರಿಯಲ್ಲಿ ಒಡೆದಾಗ, ಚೂರುಗಳನ್ನು ಬಿಸಾಡದೆ ಕುಶಲಕರ್ಮಿಗಳು ಈ ಆಯಿನೆಕಾರಿ ಕಲೆ ಹುಟ್ಟಿಸಿದರು ಎಂದು ಹೇಳುತ್ತಾರೆ. ತಲೆತಲಾಂತರದಿಂದ ಗಂಡಸರೇ ಮಾಡುತ್ತಿದ್ದ ಕೆಲಸವನ್ನು ಮುನೀರ್ ಆ ಉಸ್ತಾದರ ಜೊತೆ ಕುಳಿತು ಹೊಸ ಕಲೆಯಾಗಿಸಿದರು. ಕ್ರಾಂತಿಯ ನಂತರ ಬಹುಕಾಲ ದೇಶದ ಹೊರಗಿದ್ದು 2004ರಲ್ಲಿ ಮರಳಿದರು. 2015ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂ ಅವರ ಕೃತಿಗಳ ಪ್ರದರ್ಶನ ಮಾಡಿತು. 2017ರಲ್ಲಿ ಟೆಹರಾನಿನಲ್ಲೇ ಅವರ ಹೆಸರಿನ ಮ್ಯೂಸಿಯಂ ತೆರೆಯಿತು. ಒಬ್ಬ ಮಹಿಳಾ ಕಲಾವಿದೆಗೆ ಮೀಸಲಾದ ಇರಾನಿನ ಮೊದಲ ಮ್ಯೂಸಿಯಂ ಅದು. 2019ರಲ್ಲಿ ಮುನೀರ್ ತೊಂಬತ್ತು ದಾಟಿದ ತುಂಬು ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮ ಬೀದರಿನಲ್ಲಿ ನಿಂತಿರುವ 1472ರ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗೀಲಾನ್ ಪ್ರಾಂತದಿಂದ ಬಂದವರು. ಅದರ ಗೋಡೆಯಲ್ಲಿ ಅಳಿದುಳಿದ ನೀಲಿ ಹೆಂಚುಗಳೂ ಆ ನಾಡಿನ ಕಲೆಯೇ. ಅಂದರೆ ವಿದ್ಯೆ ಮತ್ತು ಕಲೆ ಒಂದೇ ಕಟ್ಟಡದಲ್ಲಿ ಇರಬಹುದೆಂದು ನಮ್ಮ ನಾಡಿನ ಹಿರಿಯರಿಗೆ ಐದೂವರೆ ಶತಮಾನಗಳ ಹಿಂದೆಯೇ ಗೊತ್ತಿತ್ತು.

ಕೊನೆಯದಾಗಿ ಕೋರಿಕೆ

ಸಂಘದ ಮುಂದೆ ನನ್ನ ಕೋರಿಕೆ ದೊಡ್ಡದಲ್ಲ. ಸಂಘಕ್ಕೆ ಸಭಾಂಗಣವಿದೆ, ಪ್ರೊಜೆಕ್ಟರ್ ಇದೆ. ವರ್ಷಕ್ಕೆ ನಾಲ್ಕು ಭಾನುವಾರ ನಮಗೆ ಕೊಡಿ. ಯಾವ ಚಿತ್ರ ಯಾವ ವಯಸ್ಸಿನವರಿಗೆ ಎಂಬುದನ್ನು ಶಿಕ್ಷಕಿಯರ ಒಂದು ಸಣ್ಣ ಸಮಿತಿ ಮುಂಚಿತವಾಗಿ ನೋಡಿ ಆರಿಸಲಿ. ಮಕ್ಕಳ ಜೊತೆ ತಾಯಂದಿರನ್ನೂ ಕರೆಯೋಣ. ಚಿತ್ರ ಮುಗಿದ ಮೇಲೆ ಅರ್ಧ ಗಂಟೆ ಅವರು ಮಾತಾಡಲಿ, ನಾವು ಕೇಳೋಣ. ನಮ್ಮ ಹುಡುಗಿಯರು ಬರೆದ, ಬಿಡಿಸಿದ ಚಿತ್ರಗಳಿಗೆ ಒಂದು ಗೋಡೆ ಕೊಡಿ. ಇಷ್ಟವಾಗದ ಚಿತ್ರ ಬಂದರೆ ತೆಗೆಯುವ ಮುನ್ನ ಬಿಡಿಸಿದವಳನ್ನು ಕರೆದು ಒಮ್ಮೆ ಕೇಳಿ.

ವಿದ್ಯಾರ್ಥಿನಿಯರೇ, ನಿಮಗೂ ಒಂದು ಮಾತು. ಹತ್ತನೆಯ ತರಗತಿಯ ನಂತರ ಏನೆಂದು ಮನೆಯಲ್ಲಿ ಮಾತು ಬಂದಾಗ ಮೌನವಾಗಿರಬೇಡಿ. ಅದಬಿನಿಂದ ಮಾತಾಡಿ, ಆದರೆ ಮಾತಾಡಿ. ನಿಮ್ಮ ಜೊತೆ ಬಂದು ಅಬ್ಬಾಜಾನ್ ಎದುರು ಕುಳಿತು ಮಾತಾಡಲು ನಾನು ತಯಾರಿದ್ದೇನೆ. ಈ ಸಲ ತಡಮಾಡುವುದಿಲ್ಲ.

ಆ ಡ್ರಾಯಿಂಗ್ ಹಾಳೆಯನ್ನು ನಾನು ಕಛೇರಿಯ ಕಪಾಟಿನಿಂದ ಕೇಳಿ ತಂದಿಟ್ಟುಕೊಂಡಿದ್ದೇನೆ. ಮೊದಲ ಭಾನುವಾರದ ಕಾರ್ಯಕ್ರಮಕ್ಕೆ, ಇನ್ಶಾ ಅಲ್ಲಾಹ್, ಆ ಹುಡುಗಿಯನ್ನೂ ಕರೆಯಬೇಕೆಂದಿದ್ದೇನೆ. ಈಗ ಅವಳಿಗೊಂದು ಮಗಳಿದ್ದಾಳೆ. ಚಿತ್ರದಲ್ಲಿನ ಖಾಲಿ ಜಾಗದಲ್ಲಿ ಏನು ಬಂತೆಂದು ಅವಳೇ ಬಂದು ಹೇಳಲಿ.